ಓದಿನ ಖರ್ಚಿಗೆ ಮದುವೆಯ ಒಪ್ಪಂದ

'ಹುಡುಗನ ಓದಿನ ಖರ್ಚು ನಮಗಿರಲಿ, ಅಕ್ಷತೆ ಮಾತ್ರ ಈ ಬೇಸಗೆಯಲ್ಲೇ ಬೀಳಲಿ.' ಹಳೆಯ ಮೈಸೂರು ಸೀಮೆಯಲ್ಲಿ ಹೆಣ್ಣು ಹೆತ್ತವರು ಬೀಗರ ಮುಂದೆ ಇಂಥ ಮಾತಾಡುತ್ತಿದ್ದ ಕಾಲವೊಂದಿತ್ತು. ಹಣದ ಅನುಕೂಲ ನೋಡಿಕೊಂಡು ವಿದ್ಯಾರ್ಥಿಗಳು ಮದುವೆಯಾಗಬಹುದೇ ಎಂಬ ಪ್ರಶ್ನೆ ಇಂದಿನದೆಂದು ಯಾರೂ ಭಾವಿಸಬೇಕಾಗಿಲ್ಲ. ಶಿವಮೊಗ್ಗ, ಭದ್ರಾವತಿಗಳ ನೂರು ವರ್ಷಗಳ ಇತಿಹಾಸದಲ್ಲಿ ಈ ಪ್ರಶ್ನೆಯೂ ಇದೆ, ಅದರ ಉತ್ತರವೂ ಇದೆ.

ಮೈಸೂರು ವಿಶ್ವವಿದ್ಯಾನಿಲಯ ಆರಂಭವಾದದ್ದು 1916ರಲ್ಲಿ. ಶಿವಮೊಗ್ಗಕ್ಕೆ ಇಂಟರ್‌ಮೀಡಿಯೆಟ್ ಕಾಲೇಜು ಬಂದದ್ದು 1940ರಲ್ಲಿ. ಅದೇ ಮುಂದೆ ಸಹ್ಯಾದ್ರಿ ಕಾಲೇಜಾಯಿತು. ಅಲ್ಲಿಯವರೆಗೆ ಇಲ್ಲಿನ ಹುಡುಗರು ಹೈಸ್ಕೂಲು ಮುಗಿಸಿ ಮುಂದೆ ಓದಬೇಕೆಂದರೆ ಮೈಸೂರು, ಬೆಂಗಳೂರಿನಂಥ ದೂರದ ಊರುಗಳಿಗೆ ಹೋಗಬೇಕಿತ್ತು. ಫೀಜು, ಪುಸ್ತಕ, ಕೋಣೆ ಬಾಡಿಗೆ ಹೇಗೋ ಹೊಂದಿಸಿದರೂ ದಿನದ ಎರಡು ಊಟದ್ದೇ ದೊಡ್ಡ ಚಿಂತೆ.

ಬಡ ಹುಡುಗನಿಗೆ ಮುಖ್ಯವಾಗಿ ಮೂರು ದಾರಿಗಳಿದ್ದವು. ಒಂದು, ವಾರಾನ್ನ: ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ ಎಂದು ಉಂಡು ಓದುವುದು. ಎರಡು, ಮಠಗಳು ಅಥವಾ ಜಾತಿ ಸಂಘಗಳು ನಡೆಸುತ್ತಿದ್ದ ಉಚಿತ ವಿದ್ಯಾರ್ಥಿನಿಲಯ. ಮೂರನೆಯದು, ಮಾವನ ಮನೆ.

ಮಾವನದು ಬರೀ ಧರ್ಮಬುದ್ಧಿಯಾಗಿರಲಿಲ್ಲ. ಪದವಿ ಪಡೆದು ಸರ್ಕಾರಿ ನೌಕರಿ ಹಿಡಿದ ವರನಿಗೆ ವರದಕ್ಷಿಣೆ ಹೆಚ್ಚು. ಅದೇ ಹುಡುಗ ಓದುತ್ತಿರುವಾಗಲೇ ಗಂಟು ಹಾಕಿದರೆ ಮೂರ್ನಾಲ್ಕು ವರ್ಷದ ಖರ್ಚಿನಲ್ಲಿ ಕೆಲಸ ಮುಗಿಯಿತು. ಹುಡುಗನ ತಂದೆಗೆ ಹೊಲ ಅಡವಿಡುವ ಕಷ್ಟ ತಪ್ಪಿತು. ಇಬ್ಬರಿಗೂ ಲಾಭವೆಂದೇ ಕಾಣುತ್ತಿತ್ತು.

ತೆರ ಹೋಗಿ ದಕ್ಷಿಣೆ ಬಂತು

ಇದು ನಮ್ಮಲ್ಲಿ ಅನಾದಿಯಿಂದ ಬಂದ ಪದ್ಧತಿಯೇ ಎಂದರೆ ಅಲ್ಲ. ಮಲೆನಾಡಿನ ಹಲವು ಸಮುದಾಯಗಳಲ್ಲಿ ಗಂಡಿನ ಕಡೆಯವರೇ ಹೆಣ್ಣಿನ ಮನೆಗೆ 'ತೆರ' ಕೊಡುವ ವಾಡಿಕೆ ಇತ್ತು. ದುಡಿಯುವ ಮಗಳು ಮನೆ ಬಿಟ್ಟು ಹೋಗುತ್ತಾಳೆ, ಆ ನಷ್ಟಕ್ಕೆ ಇದು ಪರಿಹಾರ ಎಂಬ ಭಾವನೆ ಅದರ ಹಿಂದಿತ್ತು. ಮೈಸೂರಿನವರೇ ಆದ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1942ರಷ್ಟು ಹಿಂದೆಯೇ ಮೈಸೂರಿನ ಮದುವೆ, ಕುಟುಂಬಗಳ ಬಗ್ಗೆ ಪುಸ್ತಕ ಬರೆದಿದ್ದರು. ಇಂದಿನ ವರದಕ್ಷಿಣೆ ಹಳೆಯ ಕನ್ಯಾದಾನದ ದಕ್ಷಿಣೆಯ ಮುಂದುವರಿಕೆಯಲ್ಲ, ಬ್ರಿಟಿಷರ ಕಾಲದಲ್ಲಿ ಬಂದ ಹಣದ ವ್ಯವಹಾರ, ಇಂಗ್ಲಿಷ್ ವಿದ್ಯೆ ಮತ್ತು ಸಂಬಳದ ನೌಕರಿಗಳ ಫಲ ಎಂದು ಅವರು 1980ರ ದಶಕದಲ್ಲಿ ವಾದಿಸಿದರು.

ಸಂಬಳದ ನೌಕರಿ ಎಂದರೇನೆಂದು ಭದ್ರಾವತಿ ಚೆನ್ನಾಗಿ ಬಲ್ಲದು. ಬೆಂಕಿಪುರವೆಂದು ಕರೆಯುತ್ತಿದ್ದ ಈ ಊರಿನಲ್ಲಿ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಆರಂಭಿಸಿತು. 1930ರ ದಶಕದಲ್ಲಿ ಕಾಗದ ಕಾರ್ಖಾನೆಯೂ ಬಂತು. ಮಳೆ ಬೆಳೆ ಕೈಕೊಟ್ಟರೂ ತಿಂಗಳ ಕೊನೆಗೆ ಬರುವ ಸಂಬಳ, ಇರಲು ಕ್ವಾರ್ಟರ್ಸ್, ಕಾಯಿಲೆಗೆ ಕಾರ್ಖಾನೆಯ ಆಸ್ಪತ್ರೆ. ಇಂಥ ಕೆಲಸದ ಹುಡುಗನಿಗೆ ಹೆಣ್ಣು ಕೊಡಲು ಯಾರು ಹಿಂಜರಿಯುತ್ತಾರೆ? ಆದರೆ ಕಾಗದ ಕಾರ್ಖಾನೆಯ ಉತ್ಪಾದನೆ 2015ರಲ್ಲಿ ನಿಂತಿತು. ನೌಕರಿಯನ್ನೇ ನೆಚ್ಚಿ ಮಾಡಿದ ಲೆಕ್ಕ ಎಷ್ಟು ಗಟ್ಟಿ ಎಂಬುದನ್ನೂ ಇದೇ ಊರು ಕಂಡಿದೆ.

ಬಡ್ಡಿ ಕಟ್ಟಿದವರು ಯಾರು?

ಈ ಲೆಕ್ಕದಲ್ಲಿ ಬಿಟ್ಟುಹೋಗುತ್ತಿದ್ದವಳು ಹುಡುಗಿ. ಹುಡುಗನ ಓದು ಮುಂದುವರಿಯಲೆಂದು ನಡೆದ ಮದುವೆ ಅವಳ ಓದನ್ನು ನಿಲ್ಲಿಸುತ್ತಿತ್ತು. ಗಂಡ ಪರೀಕ್ಷೆಯಲ್ಲಿ ಫೇಲಾದರೆ ಅವಳ ಕಾಲ್ಗುಣಕ್ಕೆ ದೋಷ. ಪಾಸಾಗಿ ದೊಡ್ಡವನಾದರೆ ಓದು ಬಾರದ ಹೆಂಡತಿ ಎಂಬ ತಾತ್ಸಾರ. ಅವನು ತೀರಿಕೊಂಡರಂತೂ ಎಳೆಯ ವಯಸ್ಸಿಗೇ ವೈಧವ್ಯ. ಮೈಸೂರು ಸಂಸ್ಥಾನ 1894ರಲ್ಲಿ ಶಿಶುವಿವಾಹ ತಡೆ ಕಾನೂನು ತಂದಾಗ ನಿಷೇಧಿಸಿದ್ದು ಎಂಟು ವರ್ಷದೊಳಗಿನ ಹುಡುಗಿಯರ ಮದುವೆಯನ್ನು. ಆ ಕಾಲದ ಸ್ಥಿತಿ ಹೇಗಿತ್ತೆಂದು ತಿಳಿಯಲು ಇಷ್ಟು ಸಾಕು.

ಬಿಡುಗಡೆಯ ದಾರಿ ಬೇರೆ ಕಡೆಯಿಂದ ಬಂತು. ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳಿಗೆ ವಿದ್ಯಾರ್ಥಿವೇತನ ಕೊಡಬೇಕೆಂದು ಮಿಲ್ಲರ್ ಸಮಿತಿ 1919ರಲ್ಲಿ ಶಿಫಾರಸು ಮಾಡಿತು. 1970ರ ದಶಕದಲ್ಲಿ ದೇವರಾಜ ಅರಸು ಸರ್ಕಾರ ವಿದ್ಯಾರ್ಥಿನಿಲಯಗಳನ್ನು ಹೆಚ್ಚಿಸಿತು. 1987ರಲ್ಲಿ ಕುವೆಂಪು ವಿಶ್ವವಿದ್ಯಾಲಯ ಸ್ಥಾಪನೆಯಾಗಿ, ಭದ್ರಾವತಿ ತಾಲ್ಲೂಕಿನ ಶಂಕರಘಟ್ಟಕ್ಕೇ ಉನ್ನತ ಶಿಕ್ಷಣ ಬಂತು. ಊಟಕ್ಕೂ ಫೀಜಿಗೂ ಮಾವನನ್ನು ಆಶ್ರಯಿಸಬೇಕಾದ ಅಗತ್ಯ ಕಡಿಮೆಯಾದದ್ದು ಹೀಗೆ. ಆ ವಿಶ್ವವಿದ್ಯಾಲಯಕ್ಕೆ ಹೆಸರಾದ ಕುವೆಂಪು ಇದೇ ಜಿಲ್ಲೆಯ ಕುಪ್ಪಳಿಯವರು. ಆಡಂಬರ, ವರದಕ್ಷಿಣೆಗಳಿಲ್ಲದ 'ಮಂತ್ರ ಮಾಂಗಲ್ಯ'ವನ್ನು ರೂಪಿಸಿ, 1966ರಲ್ಲಿ ಮಗ ಪೂರ್ಣಚಂದ್ರ ತೇಜಸ್ವಿಯವರ ಮದುವೆಯನ್ನು ಹಾಗೆಯೇ ನಡೆಸಿದರು.

ಕಾನೂನೂ ಬದಲಾಗುತ್ತ ಬಂತು. 1961ರ ವರದಕ್ಷಿಣೆ ನಿಷೇಧ ಕಾಯ್ದೆಯ ಪ್ರಕಾರ ಮದುವೆಯ ಸಂಬಂಧವಾಗಿ ನೇರವಾಗಿಯಾಗಲಿ, ಬಳಸುದಾರಿಯಲ್ಲಾಗಲಿ ಕೊಡುವ ಹಣ ವರದಕ್ಷಿಣೆಯೇ. ಮದುವೆಯ ಷರತ್ತಾಗಿ ಕಟ್ಟಿದ ಕಾಲೇಜು ಫೀಜೂ ಇದರಿಂದ ಪಾರಾಗಲಾರದು. ಮದುವೆಯ ವಯಸ್ಸು 1978ರಲ್ಲಿ ಹೆಣ್ಣಿಗೆ 18, ಗಂಡಿಗೆ 21 ಎಂದಾಯಿತು. ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು ಎಂದು ಕರ್ನಾಟಕ 2016ರ ತಿದ್ದುಪಡಿಯಲ್ಲಿ ಸಾರಿತು. ಇನ್ನು 2006-07ರಲ್ಲಿ ಬಂದ ಭಾಗ್ಯಲಕ್ಷ್ಮಿ ಯೋಜನೆ ಹಳೆಯ ಒಪ್ಪಂದವನ್ನೇ ತಿರುವುಮುರುವು ಮಾಡಿತು. ಬಡ ಕುಟುಂಬದ ಹುಡುಗಿಗೆ ಹಣ ದೊರೆಯಬೇಕಾದರೆ ಅವಳು ಶಾಲೆಗೆ ಹೋಗಿರಬೇಕು, 18 ತುಂಬುವ ಮೊದಲು ಮದುವೆಯಾಗಿರಬಾರದು. ಹಿಂದೆ ಮದುವೆಯಾದರೆ ಹಣ, ಈಗ ಕಾದರೆ ಹಣ!

ಮದುವೆಗೂ ಓದಿನ ಹಣಕ್ಕೂ ಹೀಗೆ ಗಂಟು ಬಿದ್ದಿರುವುದು ನಮ್ಮಲ್ಲಿ ಮಾತ್ರವಲ್ಲ. ಅಮೆರಿಕದಲ್ಲಿ 24 ವರ್ಷದೊಳಗಿನ ಪದವಿ ವಿದ್ಯಾರ್ಥಿಗೆ ಸರ್ಕಾರದ ಶಿಕ್ಷಣ ನೆರವು ಲೆಕ್ಕ ಹಾಕುವಾಗ ಸಾಮಾನ್ಯವಾಗಿ ತಂದೆ ತಾಯಿಯ ಆದಾಯವನ್ನು ಸೇರಿಸುತ್ತಾರೆ. ಮದುವೆಯಾದವರಿಗೆ ಈ ನಿಯಮವಿಲ್ಲ. ಹಾಗಾಗಿ ನೆರವಿನ ಆಸೆಗೆ ಮದುವೆಯಾಗುವ ಮಾತು ಅಲ್ಲಿಯೂ ಕೇಳಿಬರುತ್ತದೆ. ಅಲ್ಲಿ ನಿರ್ಧರಿಸುವವರು ಆ ಇಬ್ಬರೇ. ನಮ್ಮಲ್ಲಿ ನಿರ್ಧರಿಸುತ್ತಿದ್ದವರು ಬೀಗರು.

ಓದಿನ ಸಾಲಕ್ಕೆ ಒಂದು ಕೊನೆ ಉಂಟು; ಕೆಲಸ ಸಿಕ್ಕ ಮೇಲೆ ತೀರಿಸಬಹುದು. ಮದುವೆಯ ಮೂಲಕ ಬಂದ ಹಣದ ಋಣ ಹಾಗೆ ತೀರುವಂಥದ್ದಲ್ಲ. ಹಣ ಪಡೆದವನೊಬ್ಬ, ಬಡ್ಡಿ ಕಟ್ಟಿದವಳು ಇನ್ನೊಬ್ಬಳು. ಆ ಒಪ್ಪಂದ ಮಾಡುವಾಗ ಅವಳನ್ನು ಯಾರೂ ಕೇಳಿರಲಿಲ್ಲ.