ಓಬವ್ವ ಸಿಪಾಯಿ ಆಗಿದ್ದಳು



ನವೆಂಬರ್ 11 ಬಂತಂದ್ರೆ ಎಲ್ಲರ ಸ್ಟೇಟಸ್‌ನಲ್ಲೂ ಒನಕೆ ಓಬವ್ವ. 2021ರಿಂದ ಸರ್ಕಾರವೇ ಜಯಂತಿ ಮಾಡ್ತಿದೆ, ಸಂತೋಷ. ಆದರೆ ಅವತ್ತು ಹಂಚಿಕೊಳ್ಳೋ ಕಥೆಯಲ್ಲಿ ಎರಡು ಸಂಗತಿ ಬಿಟ್ಟುಹೋಗ್ತವೆ: ಆಕೆಯ ಜಾತಿ, ಆಕೆಯ ಕೆಲಸ.

ಜನ ಹೇಳಿಕೊಂಡು ಬಂದ ಕಥೆ ಎಲ್ಲರಿಗೂ ಗೊತ್ತು. 18ನೇ ಶತಮಾನದ ಚಿತ್ರದುರ್ಗ. ಮದಕರಿ ನಾಯಕರ ಕೋಟೆಗೆ ಹೈದರಾಲಿಯ ಸೈನ್ಯ ಮುತ್ತಿಗೆ ಹಾಕಿದೆ. ಕಾವಲಿನ ಕಹಳೆ ಮುದ್ದಹನುಮ ಊಟಕ್ಕೆ ಮನೆಗೆ ಬಂದಿದ್ದಾನೆ. ನೀರಿಗೆ ಹೋದ ಓಬವ್ವ, ಬಂಡೆಯ ಕಿಂಡಿಯಲ್ಲಿ ಶತ್ರುಗಳು ನುಸುಳೋದನ್ನ ಕಂಡಳು. ಗಂಡನನ್ನ ಊಟದಿಂದ ಎಬ್ಬಿಸಲಿಲ್ಲ. ಒನಕೆ ಹಿಡಿದು ಕಿಂಡಿಯ ಪಕ್ಕ ನಿಂತಳು.

ಆ ಕಿಂಡಿಯ ಮುಂದೆ ನಿಂತಾಗ ನನಗೆ ಅರ್ಥವಾಗಿದ್ದು ಇಷ್ಟು: ಅದು ಸಿಟ್ಟಿನ ಭರದಲ್ಲಿ ನಡೆದ ಹೊಡೆದಾಟ ಅಲ್ಲ. ಒಬ್ಬೊಬ್ಬನೇ ತೂರಬೇಕಾದ ಇಕ್ಕಟ್ಟಿನ ಜಾಗ. ತಲೆ ಹಾಕಿದವನಿಗೆ ಏಟು, ಮುಂದಿನವನಿಗೆ ಕಾಣದಂತೆ ಹೆಣವನ್ನ ಪಕ್ಕಕ್ಕೆ ಎಳೆಯೋದು, ಮತ್ತೆ ಕಾಯೋದು. ಇದು ಕಾವಲಿನವರ ಯುದ್ಧಬುದ್ಧಿ. ಆದರೆ ಹುದ್ದೆ ಇದ್ದದ್ದು ಗಂಡನಿಗೆ. ಅವನ ಹೆಸರಿಗೆ ಕಹಳೆ ಅಂಟಿಕೊಂಡಿತು, ಅವಳ ಹೆಸರಿಗೆ ಒನಕೆ.

ಆಕೆ ನಮ್ಮ ಛಲವಾದಿ ಕುಲದ ಹೆಣ್ಣುಮಗಳು. 1972ರ ‘ನಾಗರಹಾವು’ ಸಿನಿಮಾ, ಜಯಂತಿಯವರ ಅಭಿನಯ, ಆಕೆಯನ್ನ ಮನೆಮನೆಗೆ ಮುಟ್ಟಿಸಿತು. ಆ ಹಾಡಿಗೆ ಚಪ್ಪಾಳೆ ತಟ್ಟಿದ ಎಷ್ಟೋ ಊರುಗಳಲ್ಲಿ ಅದೇ ಕುಲದವರು ಬಾವಿ ಮುಟ್ಟೋ ಹಾಗಿರಲಿಲ್ಲ. ನೀರಿಗೆ ಹೋದಾಗಲೇ ಕೋಟೆ ಕಾಯ್ದವಳ ಮಕ್ಕಳಿಗೆ ನೀರಿಲ್ಲ!

1857ರಲ್ಲೂ ಹೀಗೇ. ಝಾನ್ಸಿಯ ಝಲ್ಕಾರಿಬಾಯಿ ಕೋರಿ ಸಮುದಾಯದವಳು, ಲಖನೌದ ಸಿಕಂದರ್ ಬಾಗ್‌ನಲ್ಲಿ ಕಾದಾಡಿದ ಊದಾದೇವಿ ಪಾಸಿ ಸಮುದಾಯದವಳು. ರಾಣಿಗೆ ಪಠ್ಯಪುಸ್ತಕ ಸಿಕ್ಕಿತು. ಇವರನ್ನ ಅವರ ಜನವೇ ನೆನಪಿಟ್ಟುಕೊಂಡು ಕಾಪಾಡಬೇಕಾಯ್ತು.

ಇವತ್ತಿನ ಸೇನೆಗೆ ಬನ್ನಿ. ವೈದ್ಯರು, ನರ್ಸುಗಳನ್ನ ಬಿಟ್ಟರೆ ಭೂಸೇನೆ ಹೆಣ್ಣುಮಕ್ಕಳಿಗೆ ಬಾಗಿಲು ತೆರೆದದ್ದು 1992ರಲ್ಲಿ. ಅದೂ ಅಧಿಕಾರಿಗಳಾಗಿ ಮಾತ್ರ. ಡಿಗ್ರಿ ಓದೋಕೆ ಆಗದ ಕೇರಿಯ ಹುಡುಗಿಗೆ ಅಲ್ಲಿ ಜಾಗ ಎಲ್ಲಿತ್ತು? ಸಿಪಾಯಿಗಳಾಗಿ ಮೊದಲ 83 ಮಹಿಳೆಯರು ಮಿಲಿಟರಿ ಪೊಲೀಸ್ ದಳ ಸೇರಿದ್ದು 2021ರ ಮೇನಲ್ಲಿ, ನಮ್ಮ ಬೆಂಗಳೂರಿನಲ್ಲೇ ತರಬೇತಿ ಮುಗಿಸಿ. ಓಬವ್ವನಂಥವರಿಗೆ ಬೇಕಿದ್ದ ಬಾಗಿಲು ಅದು. ತೆರೆಯೋಕೆ ಇಷ್ಟು ಕಾಲ ಬೇಕಾಯ್ತು.

ಅದಕ್ಕೇ ಈ ಸಲ ಹಾರ ಹಾಕಿ ಸುಮ್ಮನಾಗೋದು ಬೇಡ. ಕೇರಿಯಲ್ಲಿ ಎಸ್ಸೆಸ್ಸೆಲ್ಸಿ ಪಾಸಾದ ಹುಡುಗಿಯರನ್ನ ಕೂರಿಸಿಕೊಂಡು ಸೇನಾ ಭರ್ತಿಯ ಅರ್ಜಿ ತುಂಬಿಸೋಣ. ಓಬವ್ವನಿಗೆ ಸಿಗದ ಹುದ್ದೆ ಅವಳ ಮೊಮ್ಮಕ್ಕಳಿಗಾದರೂ ಸಿಗಲಿ.

ಜೈಭೀಮ್.