ಸೋತ ಸೈನ್ಯದ ಧೋಂಡಿಯಾ ಮತ್ತು ಬಳ್ಳಾರಿ ಸೀಮೆ
1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಮಡಿದ. ಕೆಲಸ ಕಳೆದುಕೊಂಡ ಮೈಸೂರಿನ ಸಿಪಾಯಿಗಳು, ಕುದುರೆ ಸವಾರರು ಸಂಬಳವಿಲ್ಲದೆ ಚದುರಿದರು. ಅವರನ್ನು ಒಗ್ಗೂಡಿಸಿದವನು ಧೋಂಡಿಯಾ ವಾಘ್. ಚನ್ನಗಿರಿಯ ಈ ಮರಾಠಾ ಸವಾರ ಟಿಪ್ಪುವಿನ ಸೆರೆಯಲ್ಲೇ ಇದ್ದ. ಕೋಟೆ ಬಿದ್ದ ಗಲಿಬಿಲಿಯಲ್ಲಿ ಹೊರಬಂದ. ಅವನು ತಾಳಿದ ಬಿರುದು 'ಉಭಯಲೋಕಾಧೀಶ್ವರ'. ಲೂಟಿಗಾರನ ಬಾಯಲ್ಲಿ ಸ್ವಲ್ಪ ಹೆಚ್ಚೇ ಆಯಿತೆನ್ನಬಹುದು. ಆದರೆ ಸೋಲಿನ ಅವಮಾನ, ಹೊಟ್ಟೆಪಾಡು, ಈಸ್ಟ್ ಇಂಡಿಯಾ ಕಂಪನಿಯ ಮೇಲಿನ ಸಿಟ್ಟು ಸೇರಿ ಅವನ ದಂಡು ಸಾವಿರಗಟ್ಟಲೆ ಬೆಳೆಯಿತು. ಇದನ್ನು ಇಂದಿನ ಅರ್ಥದ ರಾಷ್ಟ್ರೀಯತೆ ಎನ್ನಲಾಗದು. ಜನರನ್ನು ಕೂಡಿಸಿದ್ದು ನಾಡಿನ ಕಲ್ಪನೆಗಿಂತ ನಾಯಕನ ಧೈರ್ಯ ಮತ್ತು ಲೂಟಿಯ ಆಸೆ.

ಕಂಪನಿಯ ಸೇನಾನಿ ಆರ್ಥರ್ ವೆಲ್ಲೆಸ್ಲಿ 1800ರ ಬೇಸಿಗೆಯಿಂದ ತುಂಗಭದ್ರೆ, ಮಲಪ್ರಭೆಗಳ ನಡುವೆ ಅವನ ಬೆನ್ನಟ್ಟಿದ. ಜುಲೈ 30ರಂದು ಮುನವಳ್ಳಿ ಬಳಿ ಅವನ ಸಾಮಾನು-ಸರಂಜಾಮು ಹೊಳೆಪಾಲಾಯಿತು. ಸೆಪ್ಟೆಂಬರ್ 10ರಂದು ರಾಯಚೂರು ಸೀಮೆಯ ಕೋಣಗಲ್ಲಿನಲ್ಲಿ ಸುಮಾರು 5,000 ಸವಾರರೊಡನೆ ನಿಂತಿದ್ದ ಧೋಂಡಿಯಾನ ಮೇಲೆ ಕಂಪನಿಯ ನಾಲ್ಕು ಕುದುರೆ ಪಡೆಗಳು ಒಂದೇ ಸಾಲಾಗಿ ನುಗ್ಗಿದವು. ಧೋಂಡಿಯಾ ಮಡಿದ; ಅವನ ಹೆಣವನ್ನು ತೋಪಿನ ಬಂಡಿಗೆ ಕಟ್ಟಿ ಪಾಳೆಯಕ್ಕೆ ತಂದರು. ಸಾಮಾನುಗಳ ನಡುವೆ ಸಿಕ್ಕ ಪುಟ್ಟ ಮಗ ಸಲಾಬತ್ ಖಾನನನ್ನು ವೆಲ್ಲೆಸ್ಲಿಯೇ ಸಾಕಿಸಿದ.

ಧೋಂಡಿಯಾ ಸತ್ತು ತಿಂಗಳು ಕಳೆದ ಮೇಲೆ, ಅಕ್ಟೋಬರ್ 12ರಂದು, 1792 ಮತ್ತು 1799ರಲ್ಲಿ ಟಿಪ್ಪುವಿನ ರಾಜ್ಯದಿಂದ ಪಡೆದ ಸೀಮೆಗಳನ್ನು ಹೈದರಾಬಾದಿನ ನಿಜಾಮ ಕಂಪನಿಗೆ ಬಿಟ್ಟುಕೊಟ್ಟ. ಬಳ್ಳಾರಿ, ಕುರುಗೋಡು, ಸಿರುಗುಪ್ಪಗಳು ಹೀಗೆ 'ದತ್ತ ಮಂಡಲ', ಅಂದರೆ ಬಿಟ್ಟುಕೊಟ್ಟ ಸೀಮೆಗಳ ಗುಂಪು, ಸೇರಿದವು. ಮುಖ್ಯ ಕಲೆಕ್ಟರ್ ಥಾಮಸ್ ಮನ್ರೋ ಸುಮಾರು 80 ಪಾಳೆಯಗಾರರ ಹಿಡಿತ ಕಿತ್ತು, ರೈತರಿಂದ ನೇರವಾಗಿ ಕಂದಾಯ ಎತ್ತಿದ. ಅವನು 1807ರಲ್ಲಿ ಹೊರಟುಹೋದ. ಮರುವರ್ಷ ಮಂಡಲವನ್ನು ಬಳ್ಳಾರಿ, ಕಡಪ ಎಂಬ ಎರಡು ಜಿಲ್ಲೆಗಳಾಗಿ ಒಡೆಯಲಾಯಿತು.