ಪರಮಾಣು: ಊಹೆಯಿಂದ ನಿಶ್ಚಯದತ್ತ

ಅಣುವೆಂಬ ಶಬ್ದ ನಮ್ಮ ವಾಙ್ಮಯಕ್ಕೆ ಹೊಸದಲ್ಲ. ವಚನಕಾರರು ಅತಿ ಸೂಕ್ಷ್ಮವಾದುದನ್ನು ಸೂಚಿಸಲು ಅದನ್ನು ಬಳಸಿದ್ದಾರೆ. ಶೈವಾಗಮಗಳಲ್ಲಿ ಅಣುವೆಂದರೆ ಮಲಬದ್ಧನಾದ ಜೀವ. ಆಣವಮಲವೆಂಬ ಹೆಸರು ಅದರಿಂದಲೇ ಬಂದುದು. ಈ ಶಬ್ದಸಾಮ್ಯವನ್ನು ಹಿಡಿದುಕೊಂಡು, ಆಧುನಿಕ ಪರಮಾಣುವಾದವೆಲ್ಲ ಪೂರ್ವಿಕರಿಗೆ ತಿಳಿದೇ ಇತ್ತೆಂದು ಸಾಧಿಸಹೊರಡುವವರುಂಟು. ವಿಜ್ಞಾನದಲ್ಲಿ ಪರಮಾಣುವಿನ ಕಲ್ಪನೆ ಬೆಳೆದುಬಂದ ಬಗೆಯನ್ನು ಅರಿತರೆ ಈ ಆತುರ ತಾನಾಗಿಯೇ ತಗ್ಗುವುದು.

ದ್ರವ್ಯವನ್ನು ವಿಭಜಿಸುತ್ತ ಹೋದರೆ ಕಡೆಗೆ ಅವಿಭಾಜ್ಯವಾದ ಕಣವೊಂದು ಉಳಿಯಬೇಕೆಂಬ ವಿಚಾರ ಪ್ರಾಚೀನವಾದುದು ನಿಜ. ಕ್ರಿ. ಪೂ. 5ನೆಯ ಶತಮಾನದ ಗ್ರೀಸಿನಲ್ಲಿ ಲ್ಯೂಕಿಪ್ಪಸ್ ಮತ್ತು ಡೆಮಾಕ್ರಿಟಸ್ ಇದನ್ನು ಪ್ರತಿಪಾದಿಸಿದರು. ಕಣಾದನ ವೈಶೇಷಿಕ ದರ್ಶನವು ಪೃಥ್ವಿ, ಅಪ್ಪು, ತೇಜ, ವಾಯುಗಳಿಗೆ ನಿತ್ಯವಾದ ಪರಮಾಣುಗಳನ್ನು ಒಪ್ಪಿತು. ಇವೆಲ್ಲ ತರ್ಕದ ಫಲಗಳು. ಅಳೆದು ತೂಗಿ ಪರೀಕ್ಷಿಸುವ ಉಪಾಯ ಅಂದು ಇರಲಿಲ್ಲ.

ತೂಕದ ಆಧಾರದ ಮೇಲೆ ಪರಮಾಣುವನ್ನು ವಿಚಾರಿಸಿದವನು ಇಂಗ್ಲೆಂಡಿನ ಜಾನ್ ಡಾಲ್ಟನ್. ಮ್ಯಾಂಚೆಸ್ಟರಿನಲ್ಲಿ ಪಾಠ ಹೇಳಿ ಜೀವಿಸುತ್ತಿದ್ದ ಈ ಉಪಾಧ್ಯಾಯನು, ಪ್ರತಿಯೊಂದು ಮೂಲವಸ್ತುವಿನ ಪರಮಾಣುವಿಗೂ ತನ್ನದೇ ಆದ ತೂಕವುಂಟೆಂದೂ ಅವು ಗೊತ್ತಾದ ಸಂಖ್ಯೆಯಲ್ಲಿ ಕೂಡುವುವೆಂದೂ 1808ರ ತನ್ನ ಗ್ರಂಥದಲ್ಲಿ ನಿರೂಪಿಸಿದನು. ನೀರಿನಲ್ಲಿ ಒಂದು ಆಕ್ಸಿಜನ್ನಿಗೆ ಒಂದೇ ಹೈಡ್ರೋಜನ್ ಎಂದು ಅವನು ಭಾವಿಸಿದ್ದುದು ತಪ್ಪು. 1811ರಲ್ಲಿ ಇಟಲಿಯ ಅವೊಗಾಡ್ರೋ ತಿದ್ದುಪಡಿಯ ದಾರಿ ತೋರಿದನು. ಅದಕ್ಕೆ ಮನ್ನಣೆ ದೊರೆತುದು 1860ರ ಕಾರ್ಲ್ಸ್‌ರೂಹೆ ಸಮ್ಮೇಳನದ ತರುವಾಯ.

ಇಷ್ಟಾದರೂ ಸಂದೇಹ ಅಳಿಯಲಿಲ್ಲ. ಕಾಣದ ಕಣವು ಲೆಕ್ಕಕ್ಕೆ ಅನುಕೂಲವಾದ ಕಲ್ಪನೆಯಷ್ಟೇ, ವಾಸ್ತವವೆಂದು ಹೇಳಲು ಪ್ರಮಾಣವೇನು ಎಂದು ಅರ್ನ್ಸ್ಟ್ ಮಾಖ್, ವಿಲ್‌ಹೆಲ್ಮ್ ಆಸ್ಟ್‌ವಾಲ್ಡ್‌ರಂತಹ ಘನವಿದ್ವಾಂಸರೇ ಆಕ್ಷೇಪಿಸಿದರು. ಆಸ್ಟ್ರಿಯಾದ ಬೋಲ್ಟ್ಸ್‌ಮನ್ ಪರಮಾಣುವಿನ ಪಕ್ಷವನ್ನು ಹಿಡಿದು ಅವರೊಡನೆ ದೀರ್ಘಕಾಲ ವಾದಿಸಿದನು.

ಉತ್ತರ ಬಂದುದು ನೀರಿನ ಹನಿಯೊಂದರಿಂದ. ಸಸ್ಯವಿಜ್ಞಾನಿ ರಾಬರ್ಟ್ ಬ್ರೌನ್ 1827ರಲ್ಲಿ, ಪರಾಗದೊಳಗಿನ ಸೂಕ್ಷ್ಮಕಣಗಳು ನೀರಿನಲ್ಲಿ ನಿರಂತರವಾಗಿ ತತ್ತರಿಸುವುದನ್ನು ಕಂಡನು. ನಿರ್ಜೀವವಾದ ಕಲ್ಲಿನ ಪುಡಿಯೂ ಹಾಗೆಯೇ ಚಲಿಸಿತು. ಆದುದರಿಂದ ಅದು ಜೀವದ ಲಕ್ಷಣವಲ್ಲ. ಸುತ್ತಲಿನ ನೀರಿನ ಅಣುಗಳ ತಾಡನದಿಂದ ಇಂತಹ ಚಲನೆ ಉಂಟಾಗಬೇಕೆಂದು 1905ರಲ್ಲಿ ಐನ್‌ಸ್ಟೈನ್ ಗಣಿತದಿಂದ ತೋರಿಸಿ, ಕಣವು ಎಷ್ಟು ಕಾಲದಲ್ಲಿ ಸರಾಸರಿ ಎಷ್ಟು ದೂರ ಸರಿಯಬೇಕೆಂಬುದಕ್ಕೆ ಸೂತ್ರವನ್ನಿತ್ತನು. 1908ರಿಂದ ಪ್ಯಾರಿಸಿನ ಜಾನ್ ಪೆರಾನ್ ಹಳದಿಯ ಮರದಂಟಿನ ಸಮಗಾತ್ರದ ಕಣಗಳನ್ನು ನೀರಿನಲ್ಲಿ ತೇಲಿಬಿಟ್ಟು, ಸೂಕ್ಷ್ಮದರ್ಶಕದಲ್ಲಿ ಎತ್ತರೆತ್ತರಕ್ಕೆ ಅವುಗಳ ಸಂಖ್ಯೆಯನ್ನು ಎಣಿಸಿದನು. ಬೆಟ್ಟವೇರಿದಂತೆ ಗಾಳಿ ತೆಳುವಾಗುವ ಕ್ರಮದಲ್ಲಿಯೇ ಕಣಗಳೂ ವಿರಳವಾಗುತ್ತಿದ್ದುವು. ಇದರಿಂದಲೂ ಬೇರೆ ಬೇರೆ ಮಾರ್ಗಗಳಿಂದಲೂ ಲೆಕ್ಕ ಹಾಕಿದಾಗ, 2 ಗ್ರಾಂ ಹೈಡ್ರೋಜನ್ನಿನಲ್ಲಿರುವ ಅಣುಗಳ ಸಂಖ್ಯೆ ಸುಮಾರಾಗಿ ಒಂದೇ ಬಂದಿತು. ಇಂದಿನ ಗಣನೆಯಂತೆ ಅದು 6ರ ಮುಂದೆ 23 ಸೊನ್ನೆಗಳಿಗೆ ಸಮೀಪದ್ದು. ಕಲ್ಪಿತ ವಸ್ತುವಿಗೆ ಇಷ್ಟು ಸಾಕ್ಷಿಗಳು ಒಂದೇ ಮಾತನ್ನು ಹೇಳಲಾರವು. 1909ರಲ್ಲಿ ಆಸ್ಟ್‌ವಾಲ್ಡ್ ತನ್ನ ಪಠ್ಯಗ್ರಂಥದ ಹೊಸ ಆವೃತ್ತಿಯಲ್ಲಿ ಸೋಲನ್ನು ಬಹಿರಂಗವಾಗಿ ಒಪ್ಪಿಕೊಂಡನು. ಪೆರಾನನಿಗೆ 1926ರಲ್ಲಿ ನೊಬೆಲ್ ಪಾರಿತೋಷಕ ಸಂದಿತು.

ಪರಮಾಣು ಉಂಟೆಂಬುದು ನಿಶ್ಚಯವಾಗುವಷ್ಟರಲ್ಲಿ ಅದು ಅವಿಭಾಜ್ಯವೆಂಬ ಮಾತು ಬಿದ್ದುಹೋಗಿತ್ತು. 1897ರಲ್ಲಿಯೇ ಥಾಮ್ಸನ್ ಎಲೆಕ್ಟ್ರಾನನ್ನು ಗುರುತಿಸಿದ್ದನು. 1911ರಲ್ಲಿ ರುದರ್‌ಫರ್ಡ್ ಪರಮಾಣುವಿನ ನಡುವೆ ಬೀಜವುಂಟೆಂದನು. 1932ರಲ್ಲಿ ಚಾಡ್ವಿಕ್ ನ್ಯೂಟ್ರಾನನ್ನು ಕಂಡುಹಿಡಿದನು. ಕಣಕ್ಕೆ ಅಲೆಯ ಸ್ವಭಾವವೂ ಉಂಟೆಂದು 1924ರಲ್ಲಿ ದ ಬ್ರಾಯ್ ಸೂಚಿಸಿದುದು ಮುಂದೆ ಪ್ರಯೋಗಗಳಿಂದ ಸಿದ್ಧವಾಯಿತು.

ಹೀಗೆ ತನ್ನನ್ನು ತಾನೇ ತಿದ್ದಿಕೊಳ್ಳುವುದು ಈ ಜ್ಞಾನದ ಧರ್ಮ. ಇಂದಿನ ಪರಮಾಣುವಾದಕ್ಕೆ ವಚನವನ್ನು ಗಂಟುಹಾಕಿದರೆ, ನಾಳೆ ಆ ವಾದ ಬದಲಾದಾಗ ವಚನದ ಗತಿಯೇನು? ಆಗಮದ ಅಣು ಬಿಡುಗಡೆಯನ್ನು ಬಯಸುವ ಜೀವ. ಪೆರಾನನ ಅಣು ಎಣಿಕೆಗೆ ಒಳಪಡುವ ಜಡ. ಎರಡನ್ನೂ ಬೆರೆಸಿದರೆ ಎರಡಕ್ಕೂ ಅನ್ಯಾಯ. ನುಡಿಯನ್ನು ನಡೆಯ ಒರೆಗಲ್ಲಿಗೆ ಹಚ್ಚಿದವರು ಶರಣರು. ಊಹೆಯನ್ನು ಪ್ರಯೋಗದ ಒರೆಗಲ್ಲಿಗೆ ಹಚ್ಚಿದವರು ವಿಜ್ಞಾನಿಗಳು. ಒರೆಗೆ ಅಂಜದಿರುವ ಆ ಸತ್ಯನಿಷ್ಠೆಯೇ ಇಬ್ಬರಲ್ಲಿಯೂ ಸಮಾನವಾದುದು. ಅಭ್ಯಾಸಿಗಳು ಎತ್ತಿಕೊಳ್ಳಬೇಕಾದುದೂ ಅದನ್ನೇ.